ಡ್ರೈವರ್ ಚೆಂಡು ದೂರ ಹೋಗುತ್ತಿಲ್ಲವೇ? ರೆಂಚ್ ಹಿಡಿಯುವ ಮೊದಲು ನೋಡಬೇಕಾದ್ದು

ಗಾಲ್ಫ್‌ನಲ್ಲಿ ಚೆಂಡನ್ನು ಅತಿ ದೂರ ಹೊಡೆಯುವ ಕ್ಲಬ್ಬೇ ಡ್ರೈವರ್. ಅದರ ತಳದಲ್ಲಿ 9 ಅಂತಲೋ 10.5 ಅಂತಲೋ ಒಂದು ಅಂಕಿ ಅಚ್ಚಾಗಿರುತ್ತದೆ. ಅದೇ ಲಾಫ್ಟ್, ಅಂದರೆ ಚೆಂಡಿಗೆ ಬಡಿಯುವ ಮುಖ (ಫೇಸ್) ಎಷ್ಟು ಡಿಗ್ರಿ ಹಿಂದಕ್ಕೆ ವಾಲಿದೆ ಅನ್ನುವುದು. ಹೊಡೆತ ಕೆಟ್ಟರೆ ಮೊದಲು ಬೈಸಿಕೊಳ್ಳುವುದು ಆ ಅಂಕಿ. ಆಮೇಲೆ ಬ್ಯಾಗ್‌ನ ಜೇಬಿನಿಂದ ರೆಂಚ್ ಹೊರಬರುತ್ತದೆ, ಲಾಫ್ಟ್ ಒಂದು ಡಿಗ್ರಿ ಅತ್ತ, ಒಂದು ಡಿಗ್ರಿ ಇತ್ತ. ಎರಡು ವಾರ ಕಳೆದ ಮೇಲೆ ಮೊದಲು ಎಲ್ಲಿತ್ತು ಅನ್ನುವುದೂ ಮರೆತಿರುತ್ತದೆ. ಪರೀಕ್ಷೆಯ ಸರಿಯಾದ ಕ್ರಮ ಬೇರೆ: ಮೊದಲು ಚೆಂಡು ಫೇಸ್‌ನ ಯಾವ ಜಾಗಕ್ಕೆ ತಾಗುತ್ತಿದೆ, ಆಮೇಲೆ ಚೆಂಡು ಕೂರಿಸುವ ಕಡ್ಡಿ (ಟೀ) ಎಷ್ಟು ಎತ್ತರ ಇದೆ, ಆಮೇಲೆ ಕ್ಲಬ್ ಚೆಂಡಿಗೆ ಮೇಲಿಂದ ಬರುತ್ತಿದೆಯೋ ಕೆಳಗಿಂದ ಏರುತ್ತಿದೆಯೋ. ಇವು ಮೂರೂ ಗೊತ್ತಾದ ಮೇಲೆ ಮಾತ್ರ ಲಾಫ್ಟ್ ಮುಟ್ಟಬೇಕು.

ಇಲ್ಲಿ ಎಡ–ಬಲ ಎಂದಿರುವುದೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ತಿರುವು ಮಾಡಿ ಓದಿಕೊಳ್ಳಿ.

ಒಂದೇ ಕ್ಲಬ್‌ನಲ್ಲಿ ಮೂರು ಲಾಫ್ಟ್

ಮೊದಲನೆಯದು ಅಚ್ಚಿನ ಲಾಫ್ಟ್. ಎರಡನೆಯದು ಅಳೆದರೆ ಸಿಗುವ ಲಾಫ್ಟ್. ಇದು ಅಚ್ಚಿನ ಅಂಕಿಗಿಂತ ಒಂದು ಡಿಗ್ರಿಯಷ್ಟು ಆಚೀಚೆ ಇರುವುದು ತಯಾರಿಕೆಯಲ್ಲಿ ಮಾಮೂಲು. ಹಾಗಾಗಿ ಅಕ್ಕಪಕ್ಕದ ಎರಡು ‘10.5’ಗಳು ಒಂದೇ ತರಹ ಹೊಡೆಯಬೇಕಿಲ್ಲ. ಮೂರನೆಯದು ಚೆಂಡಿಗೆ ಬಡಿಯುವ ಕ್ಷಣದಲ್ಲಿ ಫೇಸ್ ಎಷ್ಟು ಮೇಲಕ್ಕೆ ನೋಡುತ್ತಿರುತ್ತದೆ ಅನ್ನುವುದು. ಚೆಂಡಿಗೆ ಗೊತ್ತಿರುವುದು ಇದೊಂದೇ. ಕೈಗಳು ಚೆಂಡಿಗಿಂತ ಮುಂದೆ ಹೋಗಿದ್ದರೆ ಇದು ಕಡಿಮೆಯಾಗುತ್ತದೆ, ಶಾಫ್ಟ್ (ಕ್ಲಬ್‌ನ ಕೋಲು) ಬಳುಕಿ ತಲೆಯನ್ನು ಮುಂದಕ್ಕೆ ಚಿಮ್ಮಿದಷ್ಟೂ ಹೆಚ್ಚುತ್ತದೆ. ಫೇಸ್ ಮೇಲಿಂದ ಕೆಳಕ್ಕೆ ಸ್ವಲ್ಪ ಉಬ್ಬಿರುವುದರಿಂದ, ನಡುವಿಗಿಂತ ಅರ್ಧ ಇಂಚು ಮೇಲೆ ತಾಗಿದರೆ ಸುಮಾರು 2ರಿಂದ 3 ಡಿಗ್ರಿ ಹೆಚ್ಚು ಲಾಫ್ಟ್, ಅರ್ಧ ಇಂಚು ಕೆಳಗೆ ತಾಗಿದರೆ ಅಷ್ಟೇ ಕಡಿಮೆ. ರೆಂಚ್‌ನಲ್ಲಿ ಒಂದು ಡಿಗ್ರಿ ಬದಲಿಸಿ ಕೊರಗುವವರು ತಮ್ಮ ಬಡಿತವೇ ನಾಲ್ಕೈದು ಡಿಗ್ರಿ ಓಲಾಡುತ್ತಿರುವುದನ್ನು ಗಮನಿಸಿರುವುದಿಲ್ಲ.

ಚೆಂಡು ಮೇಲೇಳುವ ಕೋನದಲ್ಲಿ ಸುಮಾರು ಶೇ. 85ರಷ್ಟು ಪಾಲು ಈ ಮೂರನೇ ಲಾಫ್ಟ್‌ನದು, ಉಳಿದದ್ದು ಕ್ಲಬ್ ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದರದು. ಸ್ಪಿನ್, ಅಂದರೆ ಚೆಂಡು ಸುತ್ತುವುದರ ಲೆಕ್ಕ ಬೇರೆ. ಬಡಿತದ ಲಾಫ್ಟ್‌ನಿಂದ ಕ್ಲಬ್ ಬರುವ ಕೋನವನ್ನು ಕಳೆದರೆ ಎಷ್ಟು ಉಳಿಯುತ್ತದೋ, ಬ್ಯಾಕ್‌ಸ್ಪಿನ್ (ಚೆಂಡಿನ ಹಿಮ್ಮುಖ ಸುತ್ತು) ಅದನ್ನು ಅವಲಂಬಿಸಿದೆ. ಇಳಿಯುವ ಕೋನ ಮೈನಸ್, ಹಾಗಾಗಿ ಅದು ಕೂಡಿಕೊಳ್ಳುತ್ತದೆ. ಬಡಿತದ ಲಾಫ್ಟ್ 12 ಡಿಗ್ರಿ, ಕ್ಲಬ್ 3 ಡಿಗ್ರಿ ಇಳಿಯುತ್ತಿದೆ ಅಂದರೆ ಅಂತರ 15. ಅದೇ 12 ಡಿಗ್ರಿ, ಕ್ಲಬ್ 3 ಡಿಗ್ರಿ ಏರುತ್ತಿದೆ ಅಂದರೆ ಅಂತರ 9. ಎರಡರಲ್ಲೂ ಚೆಂಡು ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಹೊರಡುತ್ತದೆ, ಒಂದು ಡಿಗ್ರಿಯಷ್ಟು ವ್ಯತ್ಯಾಸ. ಆದರೆ ಮೊದಲನೆಯದಕ್ಕೆ ಸ್ಪಿನ್ ವಿಪರೀತ. ಕೆಳಗಿನ ಎಲ್ಲ ದೋಷಗಳಲ್ಲೂ ಈ ಕಳೆಯುವ ಲೆಕ್ಕ ಮತ್ತೆ ಮತ್ತೆ ಬರುತ್ತದೆ.

ನಿಜಕ್ಕೂ ದೋಷ ಇದೆಯೇ?

ಚೆಂಡಿನ ಹಾರಾಟ ಅಳೆಯುವ ಯಂತ್ರಗಳ ಕಂಪನಿ ಟ್ರ್ಯಾಕ್‌ಮ್ಯಾನ್ ಹಿಂದೆ ಪ್ರಕಟಿಸಿದ ಸರಾಸರಿಗಳ ಪ್ರಕಾರ ಪುರುಷರ ವೃತ್ತಿಪರ ಪಿಜಿಎ ಟೂರ್ ಆಟಗಾರರ ಕ್ಲಬ್ ವೇಗ ಗಂಟೆಗೆ 113 ಮೈಲಿ, ಕ್ಯಾರಿ (ಚೆಂಡು ಗಾಳಿಯಲ್ಲಿ ಹಾರುವ ದೂರ) 275 ಗಜ ಇತ್ತು. ಮಹಿಳೆಯರ ವೃತ್ತಿಪರ ಎಲ್‌ಪಿಜಿಎ ಟೂರ್ ಆಟಗಾರ್ತಿಯರದು 94 ಮೈಲಿ, 218 ಗಜ. ಕ್ಯಾರಿಯನ್ನು ವೇಗದಿಂದ ಭಾಗಿಸಿ: 2.4 ಮತ್ತು 2.3. ನಿಮ್ಮದನ್ನೂ ಹೀಗೇ ಭಾಗಿಸಿ ನೋಡಿ. 2.2ರ ಆಸುಪಾಸು ಬಂದರೆ ಕ್ಲಬ್ಬೂ ಲಾಫ್ಟೂ ತಮ್ಮ ಕೆಲಸ ಮಾಡುತ್ತಿವೆ, ಇನ್ನೂ ದೂರ ಬೇಕೆಂದರೆ ವೇಗ ಹೆಚ್ಚಿಸಬೇಕು, ಅಷ್ಟೇ. 2ಕ್ಕಿಂತ ಕೆಳಗೆ ಬಂದರೆ ಎಲ್ಲೋ ಸೋರುತ್ತಿದೆ.

ಈ ಎರಡು ಸರಾಸರಿಗಳಲ್ಲಿ ಇನ್ನೊಂದು ವಿಷಯ ಇದೆ. ಗಂಡಸರು ಸರಾಸರಿ 1.3 ಡಿಗ್ರಿ ಇಳಿಯುತ್ತಾ ಹೊಡೆಯುತ್ತಾರೆ, ಚೆಂಡು 10.9 ಡಿಗ್ರಿಯಲ್ಲಿ ಏಳುತ್ತದೆ. ಹೆಂಗಸರು 3 ಡಿಗ್ರಿ ಏರುತ್ತಾ ಹೊಡೆಯುತ್ತಾರೆ, ಚೆಂಡು 13.2 ಡಿಗ್ರಿಯಲ್ಲಿ ಏಳುತ್ತದೆ. ಸ್ಪಿನ್ ಮಾತ್ರ ಇಬ್ಬರದೂ ನಿಮಿಷಕ್ಕೆ 2,600–2,700 ಸುತ್ತು. ಭಾನುವಾರದ ಆಟಗಾರನ ವೇಗ 85–95 ಮೈಲಿ, ಅಂದರೆ ಎಲ್‌ಪಿಜಿಎ ಆಟಗಾರ್ತಿಯ ಹತ್ತಿರದ್ದು. ಅವನ ಬ್ಯಾಗ್‌ನಲ್ಲಿರುವುದು ಮಾತ್ರ 113 ಮೈಲಿಯವರ 9 ಡಿಗ್ರಿ ಡ್ರೈವರ್. ನಕಲು ಮಾಡುವುದಿದ್ದರೆ ಆಟಗಾರ್ತಿಯರ ಅಂಕಿಗಳನ್ನು ನಕಲು ಮಾಡಿ.

ಲಾಂಚ್ ಮಾನಿಟರ್ (ಚೆಂಡಿನ ವೇಗ, ಕೋನ, ಸ್ಪಿನ್ ಅಳೆಯುವ ಯಂತ್ರ) ಇಲ್ಲದಿದ್ದರೆ ಕ್ಯಾರಿ ಅಳೆಯಲು ಮಳೆಗಾಲಕ್ಕಿಂತ ಒಳ್ಳೆಯ ಸಮಯ ಇಲ್ಲ. ನೆನೆದ ಫೇರ್‌ವೇಯಲ್ಲಿ (ಕತ್ತರಿಸಿದ ಹುಲ್ಲಿನ ಹಾದಿಯಲ್ಲಿ) ಚೆಂಡು ಬಿದ್ದಲ್ಲೇ ಕುಳಿ ಮಾಡಿ ನಿಲ್ಲುತ್ತದೆ, ದೂರ ಅಳೆಯುವ ರೇಂಜ್‌ಫೈಂಡರ್ ಹಿಡಿದು ಅಲ್ಲಿಗೆ ನೋಡಿದರೆ ಆಯಿತು. ಮಾನಿಟರ್ ಇದ್ದರೆ ನಿಮ್ಮದೇ ಚೆಂಡು ಒಯ್ಯಿರಿ, ಅಭ್ಯಾಸದ ಮೈದಾನದ (ರೇಂಜ್) ಸವೆದ ಚೆಂಡು ಸುಳ್ಳು ಹೇಳುತ್ತದೆ. ಎತ್ತರದ ಸೆಟ್ಟಿಂಗ್ ಕೂಡ ನೋಡಿಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಗಾಳಿ ತೆಳು. ಇಲ್ಲಿ 200 ಗಜ ಹಾರುವ ಚೆಂಡು ಮಂಗಳೂರಿನಲ್ಲಿ 193ರ ಹತ್ತಿರ ಬೀಳುತ್ತದೆ. ಕರಾವಳಿಗೆ ಹೋಗಿ ಆಡಿ ಬಂದವರು ಡ್ರೈವರ್ ಕೆಟ್ಟಿದೆ ಅನ್ನುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ.

ಪುಡಿಯ ಪರೀಕ್ಷೆ

ಔಷಧಿ ಅಂಗಡಿಯಲ್ಲಿ ಪಾದಕ್ಕೆ ಹೊಡೆದುಕೊಳ್ಳುವ ಪೌಡರ್ ಸ್ಪ್ರೇ ಸಿಗುತ್ತದೆ. ಫೇಸ್ ಒರೆಸಿ ಒಣಗಿಸಿ, ಒಂದಡಿ ದೂರದಿಂದ ತೆಳ್ಳಗೆ ಹೊಡೆಯಿರಿ. ಬಿಳಿ ಪದರದ ಕೆಳಗೆ ಫೇಸ್‌ನ ಗೆರೆಗಳು ಮಸುಕಾಗಿ ಕಾಣುವಷ್ಟು ಸಾಕು, ದಪ್ಪ ಬಳಿದರೆ ಗುರುತು ಕದಡುತ್ತದೆ. ಒಂದು ಹೊಡೆತಕ್ಕೆ ಒಂದು ರೂಪಾಯಿ ನಾಣ್ಯದಷ್ಟು ದುಂಡು ಗುರುತು ಬೀಳುತ್ತದೆ. ಹತ್ತಿರ ಹಿಡಿದರೆ ಅದರೊಳಗೆ ಚೆಂಡಿನ ಕುಳಿಗಳ ಜೇನುಗೂಡಿನಂಥ ಅಚ್ಚೂ ಕಾಣುತ್ತದೆ. ಸ್ಪ್ರೇ ಸಿಗದಿದ್ದರೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ಚೆಂಡಿನ ಹಿಂಬದಿಗೆ ದಪ್ಪ ಚುಕ್ಕೆ ಇಡಿ, ಅದು ಫೇಸ್‌ಗೆ ಅಂಟುತ್ತದೆ.

ಹತ್ತು ಚೆಂಡು ಹೊಡೆಯಿರಿ, ಮೂರಕ್ಕೊಮ್ಮೆ ಫೋಟೋ ತೆಗೆದು ಒರೆಸಿ. ಒಳ್ಳೆಯ ಗುರುತು ನಡುವಿನಲ್ಲಿ ಅಥವಾ ಅದಕ್ಕಿಂತ ತುಸು ಮೇಲೆ ಇರುತ್ತದೆ. ಹತ್ತರಲ್ಲಿ ಆರು ಗುರುತು ನಡುವಿಗಿಂತ ಕೆಳಗಿದ್ದರೆ ಲಾಫ್ಟ್ ಬದಲಾವಣೆಯ ಮಾತು ಈಗ ಬೇಡ. ಫೇಸ್‌ನ ಹಿಮ್ಮಡಿಯ (ಶಾಫ್ಟ್ ಇರುವ ಬದಿಯ) ಕಡೆಗೋ ಎದುರಿನ ತುದಿಯ ಕಡೆಗೋ ಚೆದುರಿದ್ದರೆ ಚೆಂಡಿನ ವೇಗವೇ ಸೋರುತ್ತಿದೆ. ಗಂಟೆಗೆ 90 ಮೈಲಿ ಸ್ವಿಂಗ್‌ಗೆ ನಡುವಿನಲ್ಲಿ ತಾಗಿದರೆ ಚೆಂಡು 133 ಮೈಲಿ ವೇಗ ಪಡೆಯುತ್ತದೆ, ಅಂಚಿಗೆ ಜಾರಿದರೆ 126ಕ್ಕೂ ಇಳಿಯಬಹುದು. ಆ ಏಳು ಮೈಲಿಗೆ ಹದಿನಾಲ್ಕು ಗಜದಷ್ಟು ಕ್ಯಾರಿ ಹೋಗುತ್ತದೆ. ಯಾವ ಲಾಫ್ಟ್ ಬದಲಾವಣೆಯೂ ಇದನ್ನು ವಾಪಸು ತರುವುದಿಲ್ಲ. ಶಾಫ್ಟ್‌ನಲ್ಲಿ ಒಂದು ಇಂಚು ಕೆಳಗೆ ಹಿಡಿದು ಇನ್ನೊಂದು ಹತ್ತು ಹೊಡೆಯಿರಿ. ಗುರುತುಗಳು ಒಟ್ಟುಗೂಡಿದರೆ ಕ್ಲಬ್ ನಿಮಗೆ ಉದ್ದವಾಗಿದೆ.

ಲಕ್ಷಣ 1: ಚೆಂಡು ಮೇಲೇರಿ, ನಿಂತು, ಬೀಳುತ್ತದೆ

ಚೆಂಡು ಮೊದಲು ಸುಮಾರಾಗಿ ಹೊರಟು, ನಡುದಾರಿಯಲ್ಲಿ ಮೆಟ್ಟಿಲು ಹತ್ತಿದಂತೆ ಏರಿ, ಗಾಳಿಯಲ್ಲಿ ನಿಂತುಬಿಟ್ಟು ನೆಟ್ಟಗೆ ಕೆಳಗೆ ಬೀಳುತ್ತದೆ. ಉರುಳುವುದು ನಾಲ್ಕೈದು ಗಜ. ಎದುರುಗಾಳಿ ಇದ್ದ ದಿನ ಇನ್ನೂ ಹೀನಾಯ. ಇದಕ್ಕೆ ಸ್ಪಿನ್ ಹೆಚ್ಚಾಗಿರುವುದೇ ಕಾರಣ, ಅದರಲ್ಲಿ ಅನುಮಾನ ಇಲ್ಲ. ತಪ್ಪು ಆಗುವುದು ಮುಂದಿನ ಹೆಜ್ಜೆಯಲ್ಲಿ. ಎತ್ತರಕ್ಕೆ ಹೋಗುತ್ತಿದೆ, ಹಾಗಾದರೆ ಲಾಫ್ಟ್ ಹೆಚ್ಚಾಗಿದೆ ಎಂದುಕೊಂಡು ಲಾಫ್ಟ್ ಇಳಿಸುವುದು.

ಚೆಂಡು ಹೊರಡುವ ಮೊದಲ ಇಪ್ಪತ್ತು ಗಜ ನೋಡಿ. ಕೆಳಮಟ್ಟದಲ್ಲಿ ಹೊರಟು ಆಮೇಲೆ ಏರಿದರೆ ಅದು ಲಾಫ್ಟ್‌ನ ತಪ್ಪಲ್ಲ. ಫೇಸ್‌ನ ಕೆಳಭಾಗಕ್ಕೆ ತಾಗಿದಾಗ ಲಾಫ್ಟ್ ಎರಡು ಡಿಗ್ರಿಗಿಂತಲೂ ಜಾಸ್ತಿ ಇಳಿದು ಚೆಂಡು ತಗ್ಗಿನಲ್ಲಿ ಹೊರಡುತ್ತದೆ. ಆದರೆ ಬಡಿತ ಕ್ಲಬ್ ತಲೆಯ ಭಾರದ ಕೇಂದ್ರಕ್ಕಿಂತ ಕೆಳಗಿರುವುದರಿಂದ ತಲೆ ಕ್ಷಣಮಾತ್ರ ಮುಂದಕ್ಕೆ ತಿರುಗುತ್ತದೆ. ಒಂದಕ್ಕೊಂದು ಕಚ್ಚಿದ ಹಲ್ಲುಚಕ್ರಗಳಂತೆ ಫೇಸ್ ಅತ್ತ ತಿರುಗಿದರೆ ಚೆಂಡು ಇತ್ತ, ಅಂದರೆ ಬ್ಯಾಕ್‌ಸ್ಪಿನ್ ಹೆಚ್ಚುವ ದಿಕ್ಕಿಗೆ. ಮೇಲ್ಭಾಗಕ್ಕೆ ತಾಗಿದರೆ ಇದು ಪೂರ್ತಿ ಉಲ್ಟಾ: ಎತ್ತರಕ್ಕೆ ಹೊರಡುತ್ತದೆ, ಸ್ಪಿನ್ ಕಡಿಮೆ. ದೂರ ಹೋಗುವ ಹೊಡೆತ ಅದೇ. ಕೆಳಗೆ ತಾಗಿಸುವವರು ಲಾಫ್ಟ್ ಇಳಿಸಿದರೆ ಒಂದು ಡಿಗ್ರಿಗೆ 200–300 ಸುತ್ತು ಸ್ಪಿನ್ ತಗ್ಗೀತು, ಆದರೆ ಚೆಂಡು ಇನ್ನೂ ತಗ್ಗಿನಲ್ಲಿ ಹೊರಡುತ್ತದೆ. ಅದನ್ನು ಎಬ್ಬಿಸಲು ಆಟಗಾರ ಹಿಂದಕ್ಕೆ ವಾಲುತ್ತಾನೆ, ಬಡಿತ ಮತ್ತೂ ಕೆಳಗಿಳಿಯುತ್ತದೆ. ಇದೊಂದು ಸುಳಿ.

ಪರಿಹಾರ ಟೀಯಿಂದ ಶುರು ಮಾಡಿ. 70 ಮಿಲಿಮೀಟರ್ ಟೀಯನ್ನು ಅರ್ಧ ನೆಲಕ್ಕೆ ಊರಿದರೆ ಇಂದಿನ ದೊಡ್ಡ ತಲೆಯ ಡ್ರೈವರ್‌ಗೆ ಸಾಲದು. 83 ಮಿಲಿಮೀಟರ್‌ನದು ತೆಗೆದುಕೊಳ್ಳಿ. ಕ್ಲಬ್ ತಲೆಯನ್ನು ಚೆಂಡಿನ ಹಿಂದೆ ನೆಲಕ್ಕೆ ಕೂರಿಸಿದಾಗ ಅರ್ಧ ಚೆಂಡು ತಲೆಯ ಮೇಲಂಚಿಗಿಂತ ಮೇಲೆ ಕಾಣಬೇಕು. ಆ ಎತ್ತರ ಸಿಕ್ಕ ಮೇಲೆ ಟೀ ಮೇಲೆ ನೆಲಮಟ್ಟಕ್ಕೆ ಪೆನ್‌ನಿಂದ ಗೆರೆ ಎಳೆಯಿರಿ, ಪ್ರತಿ ಸಲ ಅಂದಾಜು ಬೇಡ. ಚೆಂಡು ಎಡ ಹಿಮ್ಮಡಿಯ ನೇರಕ್ಕೆ ಇರಲಿ. ಸಾಮಾನ್ಯವಾಗಿ ಅದು ಗೊತ್ತಾಗದಂತೆ ನಡುವಿನ ಕಡೆಗೆ ಜರುಗಿರುತ್ತದೆ, ಆಗ ಕ್ಲಬ್ ಇನ್ನೂ ಇಳಿಯುತ್ತಿರುವಾಗಲೇ ಚೆಂಡು ಸಿಗುತ್ತದೆ.

ಇಳಿಯುತ್ತಿದೆಯೋ ಏರುತ್ತಿದೆಯೋ ತಿಳಿಯಲು ಮೂರು ಚೆಂಡು ಹಿಡಿಸುವ ಖಾಲಿ ರಟ್ಟಿನ ಡಬ್ಬಿಯನ್ನು ಚೆಂಡಿನಿಂದ ಒಂದಡಿ ಮುಂದೆ, ಗುರಿಯ ಗೆರೆಗೆ ಅಡ್ಡಲಾಗಿ ಮಲಗಿಸಿ. ಡಬ್ಬಿ ಹಾರಿಹೋದರೆ ಕ್ಲಬ್ ಏರುತ್ತಿಲ್ಲ. ಹೊಡೆದ ಮೇಲೆ ಟೀ ಮುಂದಕ್ಕೆ ವಾಲಿ ನೆಲಕ್ಕೆ ಕುಕ್ಕಿಕೊಂಡಿರುವುದು, ತಲೆಯ ಮೇಲ್ಭಾಗದ ಬಣ್ಣ ಕೆರೆದಿರುವುದು ಕೂಡ ಅದೇ ಸುಳಿವು. ಬಣ್ಣ ಕೆರೆದದ್ದು ಕಂಡು ಟೀ ತಗ್ಗಿಸುತ್ತಾರೆ. ತಗ್ಗಿಸಬೇಡಿ, ಕಡಿದಾಗಿ ಇಳಿಯುವುದೇ ರೋಗ. ಬಲಭುಜ ಎಡಭುಜಕ್ಕಿಂತ ಸ್ವಲ್ಪ ಕೆಳಗಿರುವಂತೆ ನಿಂತು, ಡಬ್ಬಿ ಅಲುಗದಂತೆ ಇಪ್ಪತ್ತು ಹೊಡೆಯಿರಿ.

ಇಷ್ಟಾದ ಮೇಲೂ ಗುರುತು ನಡುವಿನಲ್ಲೇ ಇದ್ದು, ಚೆಂಡು ಮೊದಲಿನಿಂದಲೇ ಎತ್ತರಕ್ಕೆ ಹೊರಟು ನಿಲ್ಲುತ್ತಿದ್ದರೆ, ಈಗ ಲಾಫ್ಟ್ ಒಂದು ಡಿಗ್ರಿ ಇಳಿಸಿ. ತಲೆಯಲ್ಲಿ ಜರುಗಿಸುವ ತೂಕ ಇದ್ದರೆ ಅದನ್ನು ಮುಂದಕ್ಕೆ ತಂದರೂ ಸ್ಪಿನ್ ತಗ್ಗುತ್ತದೆ, ಬದಲಿಗೆ ಅಂಚಿಗೆ ತಾಗಿದ ಹೊಡೆತಗಳಿಗೆ ಕ್ಷಮೆ ಕಡಿಮೆ. ಎರಡನ್ನೂ ಒಟ್ಟಿಗೆ ಮಾಡಬೇಡಿ, ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ.

ಲಕ್ಷಣ 2: ಚೆಂಡು ಏಳುವುದೇ ಇಲ್ಲ, ಬೇಗ ಬಿದ್ದು ಉರುಳುತ್ತದೆ

ಏಪ್ರಿಲ್‌ನಲ್ಲಿ ಈ ದೋಷ ಇದೆ ಅಂತಲೇ ಗೊತ್ತಾಗುವುದಿಲ್ಲ. ಒಣಗಿ ಗಟ್ಟಿಯಾದ ಫೇರ್‌ವೇ, 165 ಗಜಕ್ಕೆ ಬಿದ್ದ ಚೆಂಡು ಉರುಳಿ ಉರುಳಿ 200 ಮುಟ್ಟುತ್ತದೆ, ಆಟಗಾರನಿಗೆ ತೃಪ್ತಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದೇ ಹೊಡೆತ 168ರಲ್ಲಿ ಕೆಸರು ಮೆತ್ತಿಕೊಂಡು ಕೂತಿರುತ್ತದೆ. ಮೂವತ್ತು ಗಜ ಎಲ್ಲಿ ಹೋಯಿತು ಎಂದು ಹುಡುಕಬೇಕಿಲ್ಲ. ಅದು ಗಾಳಿಯಲ್ಲಿ ಇರಲೇ ಇಲ್ಲ.

ಒಂದು ಲೆಕ್ಕ ನೋಡಿ. ವೇಗ 85 ಮೈಲಿ, 9 ಡಿಗ್ರಿ ಡ್ರೈವರ್, ಬಡಿತದ ಲಾಫ್ಟ್ 10, ಕ್ಲಬ್ 3 ಡಿಗ್ರಿ ಇಳಿಯುತ್ತಿದೆ. ಚೆಂಡು ಏಳುವುದು ಸುಮಾರು 8 ಡಿಗ್ರಿಯಲ್ಲಿ. ಈ ವೇಗಕ್ಕೆ ಬೇಕಾದ್ದು 13ರಿಂದ 15 ಡಿಗ್ರಿ, ಸ್ಪಿನ್ 2,500ರಿಂದ 3,000 ಸುತ್ತು. ನಡುವಿಗೆ ತಾಗಿದರೂ ಸ್ಪಿನ್ ಇಲ್ಲಿ 2,000ವನ್ನೂ ಮುಟ್ಟುವುದು ಕಷ್ಟ, ಹಾಗಾಗಿ ಚೆಂಡನ್ನು ಗಾಳಿಯಲ್ಲಿ ಎತ್ತಿ ಹಿಡಿಯುವುದು ಏನೂ ಇಲ್ಲ. ಬ್ಯಾಕ್‌ಸ್ಪಿನ್ ಅಂದರೆ ದೂರದ ಶತ್ರು ಅನ್ನುವ ಮಾತು 110 ಮೈಲಿಯವರದು. ನಿಧಾನವಾಗಿ ಸ್ವಿಂಗ್ ಮಾಡುವವರಿಗೆ ಚೆಂಡು ತೇಲಲು ಅದೇ ಆಸರೆ.

ಇಲ್ಲಿ ಲಾಫ್ಟ್ ಹೆಚ್ಚಿಸಲೇಬೇಕು, ಹಿಂಜರಿಕೆ ಬೇಡ. ವೇಗ 75 ಮೈಲಿಗಿಂತ ಕಡಿಮೆ ಇದ್ದರೆ 12ಕ್ಕಿಂತ ಕೆಳಗೆ ನೋಡಬೇಡಿ, 13–14 ಸಿಕ್ಕರೂ ಒಳ್ಳೆಯದೇ. 75–85 ಇದ್ದರೆ 11ರಿಂದ 13. 85–95 ಇದ್ದರೆ 10ರಿಂದ 12. 95–105ಕ್ಕೆ 9.5ರಿಂದ 11. ಅದಕ್ಕೂ ಮೇಲಿನವರು ಮಾತ್ರ 9ರ ಸುತ್ತಮುತ್ತ ಹುಡುಕಲಿ. ಪ್ರತಿ ಸಾಲಿನಲ್ಲೂ ಇಳಿಯುತ್ತಾ ಹೊಡೆಯುವವರಿಗೆ ದೊಡ್ಡ ಅಂಕಿ, ಏರುತ್ತಾ ಹೊಡೆಯುವವರಿಗೆ ಚಿಕ್ಕದು. ಇಳಿಯುತ್ತಾ ಹೊಡೆಯುವವರು ಲಾಫ್ಟ್ ಹೆಚ್ಚಿಸಿದರೆ ಸ್ಪಿನ್ ಕೂಡ ಏರುತ್ತದೆ. ಹಾಗಾಗಿ ಮೇಲಿನ ಡಬ್ಬಿಯ ಅಭ್ಯಾಸ ಅವರಿಗೂ ತಪ್ಪಿದ್ದಲ್ಲ. 90 ಮೈಲಿ ವೇಗದಲ್ಲಿ 5 ಡಿಗ್ರಿ ಇಳಿಯುವವನಿಗೂ 5 ಡಿಗ್ರಿ ಏರುವವನಿಗೂ, ಇಬ್ಬರ ಲಾಫ್ಟ್ ಅವರವರಿಗೆ ಹೊಂದಿಸಿದ ಮೇಲೂ, ಕ್ಯಾರಿಯಲ್ಲಿ ಇಪ್ಪತ್ತು ಗಜದ ಹತ್ತಿರ ವ್ಯತ್ಯಾಸ ಉಳಿಯುತ್ತದೆ.

12 ಡಿಗ್ರಿ ಡ್ರೈವರ್ ಹಿಡಿಯುವುದು ನಾಚಿಕೆಯ ವಿಷಯ ಅಂದುಕೊಂಡವರಿಗೆ: ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ ಬೆಂಗಳೂರಿನ ಅದಿತಿ ಅಶೋಕ್ ದೂರಕ್ಕೆ ಹೊಡೆಯುವವರ ಪೈಕಿಯಲ್ಲ. ಆಟ ಬಲದ ಜಂಬದಿಂದ ನಡೆಯುವುದಿಲ್ಲ.

ಲಕ್ಷಣ 3: ಬಲಕ್ಕೆ ತಿರುಗುತ್ತದೆ, ಅಥವಾ ಲಾಫ್ಟ್ ಬದಲಿಸಿದ ಮೇಲೆ ಎಡಕ್ಕೆ ಹೋಗಲು ಶುರುವಾಯಿತು

ಸ್ಲೈಸ್‌ಗೆ, ಅಂದರೆ ಚೆಂಡು ಬಲಕ್ಕೆ ಬಾಗುವುದಕ್ಕೆ, ಮೂಲ ಕಾರಣ ಫೇಸ್ ಸ್ವಿಂಗ್‌ನ ದಾರಿಗಿಂತ ಬಲಕ್ಕೆ ತೆರೆದಿರುವುದು. ಲಾಫ್ಟ್ ಅದನ್ನು ಹುಟ್ಟಿಸುವುದಿಲ್ಲ, ಆದರೆ ಎಷ್ಟು ಬಾಗುತ್ತದೆ ಅನ್ನುವುದನ್ನು ನಿರ್ಧರಿಸುತ್ತದೆ. ಫೇಸ್ ದಾರಿಗೆ 4 ಡಿಗ್ರಿ ತೆರೆದಿದೆ ಅನ್ನಿ. ಆ ಕಳೆಯುವ ಲೆಕ್ಕದ ಅಂತರ 12 ಇದ್ದರೆ ಚೆಂಡು ಸುತ್ತುವ ಅಕ್ಷ ಸುಮಾರು 18 ಡಿಗ್ರಿ ವಾಲುತ್ತದೆ. ಅಂತರ 16 ಇದ್ದರೆ ವಾಲುವುದು 14. ಅದೇ ತಪ್ಪು, ಕಡಿಮೆ ಬಾಗು. ಸ್ಲೈಸ್ ಹೊಡೆಯುವವರು ಲಾಫ್ಟ್ ಇಳಿಸಿಕೊಂಡರೆ ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಂಡಂತೆ.

ತಿರುಗಿಸುವ ಸ್ಲೀವ್ (ಶಾಫ್ಟ್ ತಲೆಗೆ ಸೇರುವಲ್ಲಿ ಲಾಫ್ಟ್ ಹೊಂದಿಸುವ ಕೊಳವೆ) ಇರುವ ಹೆಚ್ಚಿನ ಡ್ರೈವರ್‌ಗಳಲ್ಲಿ ಇನ್ನೊಂದು ಜೋಡಿ ಪರಿಣಾಮ ಇದೆ. ಲಾಫ್ಟ್ ಹೆಚ್ಚಿಸಿದರೆ, ತಲೆಯನ್ನು ನೆಲಕ್ಕೆ ತಾನಾಗಿ ಕೂರಲು ಬಿಟ್ಟಾಗ ಫೇಸ್ ಎಡಕ್ಕೆ ಮುಚ್ಚಿಕೊಳ್ಳುತ್ತದೆ. ಇಳಿಸಿದರೆ ಬಲಕ್ಕೆ ತೆರೆದುಕೊಳ್ಳುತ್ತದೆ. ಸ್ಲೈಸ್ ಇದ್ದವರಿಗೆ ಲಾಫ್ಟ್ ಹೆಚ್ಚಿಸುವುದು ಎರಡು ರೀತಿಯಲ್ಲೂ ಅನುಕೂಲ. ಆದರೆ ನೇರಕ್ಕೋ ಎಡಕ್ಕೋ ಹೊಡೆಯುತ್ತಿದ್ದವರು ಎತ್ತರ ಬೇಕೆಂದು ಒಂದೂವರೆ ಡಿಗ್ರಿ ಏರಿಸಿದರೆ ಚೆಂಡು ಎಡದ ಮರಗಳ ದಾರಿ ಹಿಡಿಯುತ್ತದೆ. ಇಂಥವರು ಕ್ಲಬ್ಬನ್ನು ನೆಲಕ್ಕೆ ಒರಗಿಸದೆ, ಮೊದಲು ಫೇಸನ್ನು ಗುರಿಗೆ ನೇರ ಮಾಡಿ, ಆಮೇಲೆ ಗ್ರಿಪ್ ಹಿಡಿಯಬೇಕು. ಅಷ್ಟಕ್ಕೂ ಆಗದಿದ್ದರೆ ಸ್ಲೀವ್‌ನಿಂದಲ್ಲದೆ ಮೂಲದಲ್ಲೇ ಹೆಚ್ಚು ಲಾಫ್ಟ್ ಇರುವ ತಲೆಗೆ ಹೋಗುವುದೇ ದಾರಿ.

ಸ್ಲೀವ್ ತಿರುಗಿಸುವುದು

ಈಗಿನ ಸೆಟ್ಟಿಂಗ್‌ನ ಫೋಟೋ ತೆಗೆದುಕೊಳ್ಳಿ. ಹೆಚ್ಚಿನ ಡ್ರೈವರ್‌ಗಳ ಸ್ಕ್ರೂಗೆ ಟಿ-25 ಟಾರ್ಕ್ಸ್ ತುದಿ ಬೇಕು, ಡ್ರೈವರ್ ಜೊತೆ ಬಂದ ಟಾರ್ಕ್ ರೆಂಚೇ ಬಳಸಿ. ಸ್ಕ್ರೂ ಪೂರ್ತಿ ಸಡಿಲಿಸಿ ತಲೆಯನ್ನು ನೇರ ಎಳೆಯಿರಿ, ತಿರುಚಬೇಡಿ. ಸ್ಲೀವ್‌ನ ಹಲ್ಲುಗಳಲ್ಲಿ ಮಣ್ಣಿದ್ದರೆ ಒಣಬಟ್ಟೆಯಿಂದ ಒರೆಸಿ. ಬೇಕಾದ ಗುರುತಿಗೆ ಹೊಂದಿಸಿ, ತಲೆ ಪೂರ್ತಿ ಕೂತಿದೆಯೇ ನೋಡಿ. ಸ್ಲೀವ್‌ಗೂ ತಲೆಗೂ ನಡುವೆ ಕೂದಲೆಳೆಯಷ್ಟು ಸಂದು ಕಂಡರೂ ಹಲ್ಲು ಸರಿಯಾಗಿ ಕಚ್ಚಿಲ್ಲ. ರೆಂಚ್ ‘ಟಕ್’ ಅನ್ನುವವರೆಗೆ ಬಿಗಿಗೊಳಿಸಿ, ಅದು ಸುಮಾರು 40 ಇಂಚು-ಪೌಂಡ್. ಒಂದು ಟಕ್ ಸಾಕು. ಮಾಮೂಲಿ ಸ್ಪ್ಯಾನರ್ ಸೆಟ್‌ನ ಬಿಟ್ ಹಾಕಿ ಬಲ ಹಾಕಿದರೆ ಸ್ಕ್ರೂನ ಥ್ರೆಡ್ ಹಾಳಾಗುತ್ತದೆ, ಕಡಿಮೆ ಬಿಗಿದರೆ ಹೊಡೆದಾಗ ಕಟಕಟ ಸದ್ದು ಬರುತ್ತದೆ.

ಕೆಲವು ಕಂಪನಿಗಳ ಸ್ಲೀವ್ ತಿರುಗಿಸಿದರೆ ಶಾಫ್ಟ್ ಕೂಡ ಜೊತೆಗೇ ತಿರುಗುತ್ತದೆ. ಗ್ರಿಪ್‌ನ ಹಿಂಬದಿಯಲ್ಲಿ ಬೆರಳಿಗೆ ಸಿಗುವ ಏಣು ಇದ್ದರೆ ಅದು ಬೇರೆ ಕಡೆಗೆ ಬಂದಿರುತ್ತದೆ. ಅದನ್ನು ಗಮನಿಸದೆ ಹಳೆಯ ಅಂದಾಜಿನಲ್ಲಿ ಏಣಿಗೆ ಬೆರಳು ಕೂರಿಸಿದರೆ ಫೇಸ್ ತೆರೆದೋ ಮುಚ್ಚಿಯೋ ಹೋಗುತ್ತದೆ, ಬೈಗುಳ ಲಾಫ್ಟ್‌ಗೆ ಬೀಳುತ್ತದೆ. ಹಾಗೆ ತಿರುಗುವ ಡ್ರೈವರ್‌ಗೆ ಏಣಿಲ್ಲದ ದುಂಡು ಗ್ರಿಪ್ ಹಾಕಿಸಿ.

ಬದಲಾವಣೆ ಒಮ್ಮೆಗೆ ಒಂದು ಡಿಗ್ರಿ. ಪುಡಿ ಹಾಕಿ ಹತ್ತು ಚೆಂಡು, ಅತಿ ಒಳ್ಳೆಯದನ್ನೂ ಅತಿ ಕೆಟ್ಟದ್ದನ್ನೂ ಬಿಟ್ಟು ಉಳಿದ ಎಂಟರ ಸರಾಸರಿ ಕ್ಯಾರಿ ಬರೆದುಕೊಳ್ಳಿ. ಅತಿ ದೂರ ಹೋದ ಒಂದೇ ಚೆಂಡನ್ನು ನಂಬಿ ಸೆಟ್ಟಿಂಗ್ ಆರಿಸಬೇಡಿ.

ಇದ್ದಕ್ಕಿದ್ದಂತೆ ದೂರ ಬಿದ್ದುಹೋದರೆ

ನಿಧಾನವಾಗಿ ಅಲ್ಲ, ಒಂದೇ ವಾರದಲ್ಲಿ ಹತ್ತಿಪ್ಪತ್ತು ಗಜ ಹೋಗಿ, ಬಡಿತದ ಸದ್ದೂ ಮಂಕಾಗಿದ್ದರೆ ಫೇಸ್ ಬಿರುಕು ಬಿಟ್ಟಿರಬಹುದು. ಫೇಸ್ ತೊಳೆದು ಒಣಗಿಸಿ, ಸೀಸದ ಕಡ್ಡಿಯನ್ನು ಅಡ್ಡವಾಗಿ ಉಜ್ಜಿ ಬೆರಳಿನಿಂದ ಒರೆಸಿ. ಕೂದಲಿನಂಥ ಕಪ್ಪು ಗೆರೆ ಉಳಿದರೆ ಬಿರುಕು, ಆ ತಲೆಯ ಕಥೆ ಮುಗಿಯಿತು. ಅಲ್ಲಾಡಿಸಿದಾಗ ಒಳಗೆ ಗಲಗಲ ಅಂದರೆ ಅದು ಬಿಡಿಯಾದ ಅಂಟಿನ ತುಣುಕು ಇರಬಹುದು, ದೂರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕೊನೆಯದಾಗಿ, ಇದನ್ನೆಲ್ಲ ಮೊದಲ ಟೀಗೆ ಹೋಗುವ ಮೊದಲೇ ಮುಗಿಸಿ. ಆಟ ನಡೆಯುತ್ತಿರುವಾಗ ಹೊಂದಿಸುವ ಸ್ಲೀವ್ ತಿರುಗಿಸಿ ಕ್ಲಬ್‌ನ ಗುಣ ಬದಲಿಸುವುದು ನಿಯಮ 4.1ಎಗೆ ವಿರುದ್ಧ, ಹಾಗೆ ಬದಲಿಸಿದ ಕ್ಲಬ್‌ನಿಂದ ಒಂದು ಹೊಡೆತ ಹೊಡೆದರೂ ಅನರ್ಹರಾಗುತ್ತೀರಿ. ಮರೆತು ತಿರುಗಿಸಿಬಿಟ್ಟಿದ್ದರೆ ಹೊಡೆಯುವ ಮೊದಲು ಹಳೆಯ ಗುರುತಿಗೆ ವಾಪಸು ತಂದರೆ ದಂಡ ಇಲ್ಲ. ಆಗ ಆ ಫೋಟೋ ಬೇಕಾಗುತ್ತದೆ.